ಹರಿಗೋಲಿನ ನೆಲ

ಚಿತ್ರದುರ್ಗದ ಕಡೆಯವನೊಬ್ಬ ದೋಣಿಯ ವಿಚಾರ ಮಾತನಾಡಲು ಹೊರಟಿದ್ದಾನೆಂದರೆ ನಿಮ್ಮಲ್ಲಿ ಕೆಲವರಿಗೆ ನಗು ಬಂದೀತು. ಬಂಡೆಗಲ್ಲಿನ ಬೆಟ್ಟ, ಜಾಲಿಯ ಕಾವಲು, ಮಳೆಗಾಗಿ ಮುಗಿಲು ನೋಡುವ ರೈತ - ಇದು ನಮ್ಮ ಸೀಮೆಯ ಚಿತ್ರ. ಇಲ್ಲಿ ದೋಣಿ ಯಾರಿಗೆ ಬೇಕು ಎಂದು ಕೇಳಬಹುದು. ಆದರೆ ಹಿರಿಯೂರಿನಿಂದ ಮಾರಿಕಣಿವೆಗೆ ಹೋಗಿ ಕಟ್ಟೆಯ ಮೇಲೆ ನಿಂತವರು ಹಾಗೆ ಕೇಳಲಾರರು. ಕಡೂರಿನ ಬಳಿ ವೇದಾ ಮತ್ತು ಆವತಿ ಎಂಬ ಎರಡು ಹೊಳೆಗಳು ಕೂಡಿ ವೇದಾವತಿಯಾಗಿ, ಹೊಸದುರ್ಗದ ಸೀಮೆಯನ್ನು ಹಾದು ಬಂದು, ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ನಿಂತಿವೆ. ೧೮೯೮ರಲ್ಲಿ ಆರಂಭವಾಗಿ ೧೯೦೭ರಲ್ಲಿ ಮುಗಿದ ಈ ಕಟ್ಟೆಗೆ ಅಂದಿನ ರಾಜಪ್ರತಿನಿಧಿಗಳಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರಿಟ್ಟರು. ೧೯೩೩ರಲ್ಲಿ ಮೊದಲ ಬಾರಿಗೆ ಕೋಡಿ ಬಿದ್ದ ವಾಣಿವಿಲಾಸಸಾಗರ ಎರಡನೆಯ ಬಾರಿ ಕೋಡಿ ಬಿದ್ದದ್ದು ೨೦೨೨ರಲ್ಲಿ, ಎಂಬತ್ತೊಂಬತ್ತು ವರ್ಷಗಳ ಮೇಲೆ. ಮತ್ತೆ ೨೦೨೫ರ ಜನವರಿಯಲ್ಲಿ ತುಂಬಿ ಹರಿಯಿತು. ಈ ನೀರಿನ ಮೇಲೆ ಬಲೆ ಬೀಸಿ ಬದುಕುವ ಜನ ಇದ್ದಾರೆ. ಅವರ ಕಾಲ ಕೆಳಗಿರುವುದು ಹರಿಗೋಲು. ಆ ಹರಿಗೋಲಿನ ನೆಲವನ್ನು ಕುರಿತು ಈ ದಿನ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಕನ್ನಡ ಪಂಡಿತನಾದವನು ಮೊದಲು ಪದವನ್ನು ಮುಟ್ಟಿ ನೋಡದೆ ಮುಂದಕ್ಕೆ ಹೋಗಲಾರ. ನಾವೆ ಎಂಬುದು ಸಂಸ್ಕೃತದ 'ನೌ' ಶಬ್ದದ ಬಳಗದ್ದು. ದೋಣಿ ಎಂಬುದು 'ದ್ರೋಣಿ'ಯ ತದ್ಭವ. ಹರಿಗೋಲಾದರೋ ನಮ್ಮ ನೆಲದ ಮಾತು. ಹರಗೋಲು, ಅರಿಗೋಲು ಎಂದೂ ಹೇಳುವವರುಂಟು. ತುಂಗಭದ್ರೆಯ ದಂಡೆಯಲ್ಲಿ ಅದನ್ನೇ ತೆಪ್ಪ ಎನ್ನುತ್ತಾರೆ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಅಂಬಿಗರ ಚೌಡಯ್ಯ ಎಂಬ ನಿಷ್ಠುರವಾದಿ ಇದ್ದನಲ್ಲ, ದೋಣಿ ನಡೆಸುವುದೇ ಅವನ ಕಾಯಕ. ದಾಸರು ಮನುಷ್ಯನ ದೇಹವನ್ನು ಒಂಬತ್ತು ತೂತುಗಳುಳ್ಳ ಹರಿಗೋಲಿಗೆ ಹೋಲಿಸಿದರು. ತೂತುಳ್ಳ ಹರಿಗೋಲು ಎಂದರೆ ಏನೆಂಬುದು ಹೊಳೆ ದಾಟಿ ಬಲ್ಲ ಜನಕ್ಕೆ ವಿವರಿಸದೆ ತಿಳಿಯುತ್ತಿತ್ತು. ಇಂದು ನಾವು ಸೇತುವೆಯ ಮೇಲೆ ಬಸ್ಸಿನಲ್ಲಿ ಹೋಗುವ ಜನ. ಕೊಂಚ ವಿವರಿಸಿ ಹೇಳಬೇಕಾಗಿದೆ.

ಹರಿಗೋಲು ಬಹು ಹಳೆಯ ಉಪಾಯ. ೧೫೨೦ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಆನೆಗೊಂದಿಗೆ ದಾಟುವ ಬುಟ್ಟಿಯಾಕಾರದ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಹೊರಗೆ ತೊಗಲಿನ ಹೊದಿಕೆ, ಹದಿನೈದು ಇಪ್ಪತ್ತು ಜನ ಹಿಡಿಸುವಷ್ಟು ಅಗಲ, ಬೇಕಾದರೆ ಕುದುರೆ ಎತ್ತುಗಳನ್ನೂ ಸಾಗಿಸಬಹುದು. ಹುಟ್ಟು ಹಾಕಿದಂತೆಲ್ಲ ದೋಣಿ ಸುತ್ತುತ್ತ ಸುತ್ತುತ್ತಲೇ ಹೋಗುತ್ತದೆ ಎಂದು ಅವನಿಗೆ ಬೆರಗು. ಅವನಿಗಿಂತ ಎರಡು ಸಾವಿರ ವರ್ಷ ಹಿಂದೆ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬ್ಯಾಬಿಲೋನಿನ ದುಂಡು ದೋಣಿಗಳನ್ನು ವರ್ಣಿಸಿದ. ಅಲ್ಲಿಯ ವರ್ತಕರು ಹೊಳೆಯ ಸೆಳವಿನೊಡನೆ ಇಳಿದು ಬಂದು, ಸರಕು ಮಾರಿ, ದೋಣಿಯ ಕಡ್ಡಿಗಳನ್ನೂ ಮಾರಿ, ತೊಗಲನ್ನು ಮಾತ್ರ ಕತ್ತೆಯ ಮೇಲೆ ಹೇರಿಕೊಂಡು ಊರಿಗೆ ನಡೆಯುತ್ತಿದ್ದರಂತೆ. ದೋಣಿಯಲ್ಲಿ ಬೆಲೆಬಾಳುವುದು ಯಾವುದೆಂಬುದು ಆ ವರ್ತಕರಿಗೆ ಗೊತ್ತಿತ್ತು.

ಹರಿಗೋಲಿನ ತಳದಲ್ಲಿ ಮೂರು ಪದರಗಳು ಎಂದು ತಿಳಿಯಿರಿ. ಮೊದಲನೆಯದು ಬಿದಿರಿನ ಹೆಣಿಗೆ. ಸೀಳಿದ ದಬ್ಬೆಗಳನ್ನು ಒಂದರ ಮೇಲೊಂದು ಅಡ್ಡಡ್ಡವಾಗಿ ಹೆಣೆದು, ಮೇಲೆ ದಪ್ಪ ದಬ್ಬೆಗಳನ್ನು ಬಿಗಿದು, ಅಂಚನ್ನು ಮೇಲಕ್ಕೆ ಬಾಗಿಸಿ ಕಟ್ಟಿದ ದೊಡ್ಡ ಬುಟ್ಟಿ ಅದು. ಎರಡನೆಯದು ಹೊರಗಿನ ಹೊದಿಕೆ: ಹಿಂದೆ ಹೊಲಿದ ತೊಗಲು, ಆಮೇಲೆ ಡಾಂಬರು ಬಳಿದ ಗೋಣಿತಟ್ಟು, ಈಗ ಹೆಚ್ಚಾಗಿ ಪ್ಲಾಸ್ಟಿಕ್ ಹಾಳೆ. ಮೂರನೆಯದು ಒಳಗೆ ನಾವು ಕಾಲಿಡುವ ನೆಲಹಾಸು. ಹೆಣಿಗೆ ಭಾರ ಹೊರುತ್ತದೆ, ಹೊದಿಕೆ ನೀರು ತಡೆಯುತ್ತದೆ, ನೆಲಹಾಸು ಇವೆರಡನ್ನೂ ನಮ್ಮ ಕಾಲಿನಿಂದ ಕಾಪಾಡುತ್ತದೆ. ಮೊದಲ ಎರಡಕ್ಕೆ ಎಲ್ಲರೂ ಗಮನ ಕೊಡುತ್ತಾರೆ. ಮೂರನೆಯದಕ್ಕೆ ಹರಕು ಚೀಲವೋ ಮುರುಕು ಹಲಗೆಯೋ ಸಾಕೆಂಬ ಉದಾಸೀನ. ಅಪಾಯ ಹೊಕ್ಕುವುದು ಅಲ್ಲಿಂದ.

ಶಾಲೆಯ ಮಕ್ಕಳಿಗೆ ಕೊಡುವಂಥ ಒಂದು ಲೆಕ್ಕ ಮಾಡೋಣ. ಎಂಟು ಅಡಿ ಅಗಲದ ದುಂಡು ಹರಿಗೋಲು ನೀರಿನಲ್ಲಿ ಒಂದು ಅಂಗುಲ ಹೆಚ್ಚು ಮುಳುಗಿದರೆ ಅದು ಹೊರುವ ಹೆಚ್ಚಿನ ಭಾರ, ತಳದ ಬಾಗು ಕಳೆದು, ಸುಮಾರು ನೂರು ಕಿಲೋ. ಅಂದರೆ ಆರು ಜನ ಕೂತರೂ ನಾಲ್ಕು ಅಂಗುಲದ ಮೇಲೆ ಇಳಿಯದು. ಬಂಡೆಗಳ ನಡುವೆಯೂ ಆಳವಿಲ್ಲದ ಕಡೆಯೂ ಹರಿಗೋಲು ನಡೆಯುವುದರ ಗುಟ್ಟು ಇದೇ. ಇನ್ನು ಇನ್ನೊಂದು ಲೆಕ್ಕ. ಆ ತಳದಲ್ಲಿ ಕಿರುಬೆರಳಿನ ಉಗುರಿನಷ್ಟು, ಒಂದು ಚದರ ಸೆಂಟಿಮೀಟರು ತೂತಾಯಿತೆನ್ನಿ. ನಾಲ್ಕು ಅಂಗುಲ ಆಳದ ಒತ್ತಡದಲ್ಲಿ ಅದರೊಳಗಿಂದ ನಿಮಿಷಕ್ಕೆ ಸುಮಾರು ಐದು ಲೀಟರು ನೀರು ನುಗ್ಗುತ್ತದೆ. ಹತ್ತು ನಿಮಿಷದಲ್ಲಿ ಐವತ್ತು ಲೀಟರು, ಕರೆಯದೆ ಬಂದು ಕೂತ ಇನ್ನೊಬ್ಬ ಪ್ರಯಾಣಿಕ. ಅವನು ಕೂತ ಜಾಗದಲ್ಲಿ ಸುಮ್ಮನಿರುವವನಲ್ಲ. ದೋಣಿ ವಾಲಿದ ಕಡೆಗೆ ಓಡುತ್ತಾನೆ. ನಮ್ಮ ಏಳು ಸುತ್ತಿನ ಕೋಟೆಗೆ ಶತ್ರು ಹೊಕ್ಕದ್ದು ಹೆಬ್ಬಾಗಿಲಿನಿಂದಲ್ಲ, ಕಿಂಡಿಯಿಂದ. ಆ ಕಿಂಡಿಯ ಬಳಿ ಒನಕೆ ಹಿಡಿದು ಓಬವ್ವ ನಿಂತಿದ್ದಳು. ಹರಿಗೋಲಿನಲ್ಲಿ ಆ ಕೆಲಸ ನೆಲಹಾಸಿನದು.

ತೂತು ಮಾಡುವವರು ಯಾರು? ಹೊಳೆಯ ಕಲ್ಲು ಹೊರಗಿನಿಂದ ಮಾಡುತ್ತದೆ, ನಿಜ. ಆದರೆ ಒಳಗಿನಿಂದ ಮಾಡುವವರು ನಾವು. ಮೇಕೆಯ ಗೊರಸು, ಲಂಗರಿಗೆಂದು ತಂದ ಕಲ್ಲಿನ ಮೂಲೆ, ಪಾತ್ರೆಯ ಅಂಚು, ಪೇಟೆಯವರ ಮೊನಚು ಹಿಮ್ಮಡಿಯ ಪಾದರಕ್ಷೆ, ಸಡಿಲವಾದ ಒಂದು ಮೊಳೆ - ಇವು ಎರಡು ದಬ್ಬೆಗಳ ಸಂದಿನಲ್ಲಿ ಇಳಿದರೆ ಹೊದಿಕೆಯ ಮೇಲೆ ನೇರವಾಗಿ ಕೂರುತ್ತವೆ. ಆದ್ದರಿಂದ ದೋಣಿಯ ನೆಲಕ್ಕೆ ನಾಲ್ಕು ಗುಣ ಬೇಕು. ಭಾರವನ್ನು ಹರಡಬೇಕು. ತೊಯ್ದಾಗ ಜಾರಬಾರದು. ತಾನು ಹಗುರವಾಗಿರಬೇಕು, ನೀರು ಕುಡಿದು ಭಾರವಾಗಬಾರದು. ನಮ್ಮ ಸೀಮೆಯ ಬಿಸಿಲಿಗೆ ಬರಿಗಾಲು ಸುಡಬಾರದು.

ಈ ನಾಲ್ಕು ಗುಣಗಳಿಗೂ ಈಗ ಹೊರದೇಶಗಳ ವಿಹಾರನೌಕೆಗಳವರು ಮೆಚ್ಚಿ ಬಳಸುತ್ತಿರುವ ಒಂದು ಪದಾರ್ಥವುಂಟು. ಅದು ಕಾರ್ಕ್. ಔಷಧಿ ಸೀಸೆಯ ಬಿರಡೆಯಾಗಿ ಅದನ್ನು ನೀವೆಲ್ಲ ಕಂಡಿದ್ದೀರಿ. ಅದು ಓಕ್ ಜಾತಿಯ ಒಂದು ಮರದ ತೊಗಟೆ. ಪೋರ್ಚುಗಲ್ ಅದರ ದೊಡ್ಡ ತವರು. ಮರಕ್ಕೆ ಸುಮಾರು ಇಪ್ಪತ್ತೈದು ವರ್ಷವಾದ ಮೇಲೆ ಮೊದಲ ಸಲ ತೊಗಟೆ ಬಿಡಿಸುತ್ತಾರೆ. ಆಮೇಲೆ ಒಂಬತ್ತು ವರ್ಷಕ್ಕೊಮ್ಮೆ. ಮರ ಸಾಯುವುದಿಲ್ಲ, ಮತ್ತೆ ತೊಗಟೆ ಹೊದೆಯುತ್ತದೆ. ೧೬೬೫ರಲ್ಲಿ ರಾಬರ್ಟ್ ಹುಕ್ ಎಂಬ ಇಂಗ್ಲೆಂಡಿನ ವಿಜ್ಞಾನಿ ಇದರ ತೆಳುವಾದ ಚೂರನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ, ಜೇನುಗೂಡಿನಂತೆ ಪುಟ್ಟಪುಟ್ಟ ಕೋಣೆಗಳನ್ನು ಕಂಡು ಅವಕ್ಕೆ 'ಸೆಲ್' ಎಂದು ಹೆಸರಿಟ್ಟ. ಇಂದು ಶಾಲೆಯಲ್ಲಿ ನಾವು ಹೇಳಿಕೊಡುವ ಜೀವಕೋಶ ಎಂಬ ಮಾತಿನ ಮೂಲ ಹೀಗೆ ಒಂದು ಬಿರಡೆಯ ಚೂರು. ಆ ಕೋಣೆಗಳಲ್ಲಿ ಗಾಳಿ ತುಂಬಿ ಬಾಗಿಲು ಮುಚ್ಚಿದೆ. ಆದ್ದರಿಂದಲೇ ಕಾರ್ಕ್ ನೀರಿನ ಐದನೆಯ ಒಂದು ಪಾಲಿನಷ್ಟು ತೂಗುತ್ತದೆ, ನೀರು ಹೀರುವುದು ಅತ್ಯಲ್ಪ, ಶಾಖವನ್ನೂ ಬೇಗ ಸಾಗಿಸದು, ಕಾಲಿಗೆ ಹಿಡಿತ ಕೊಡುತ್ತದೆ.

ಕಾರ್ಕು ಜೀವ ಉಳಿಸಿದ ಕಥೆಯೂ ಇದೆ. ೧೮೫೪ರಲ್ಲಿ ಇಂಗ್ಲೆಂಡಿನ ಜೀವರಕ್ಷಕ ದೋಣಿಗಳ ಸಂಸ್ಥೆಯಲ್ಲಿದ್ದ ಕ್ಯಾಪ್ಟನ್ ವಾರ್ಡ್ ಎಂಬವರು ಕಾರ್ಕಿನ ತುಂಡುಗಳನ್ನು ಹೊಲಿದು ಅಂಗಿಯೊಂದನ್ನು ಮಾಡಿಸಿದರು. ೧೮೬೧ರ ಫೆಬ್ರುವರಿಯಲ್ಲಿ ವಿಟ್ಬಿ ಎಂಬ ಊರಿನ ಸಮುದ್ರದಲ್ಲಿ ರಕ್ಷಣೆಗೆ ಹೋದ ದೋಣಿಯೇ ಮಗುಚಿ ಹದಿಮೂರು ಜನರಲ್ಲಿ ಹನ್ನೆರಡು ಜನ ಸತ್ತರು. ಉಳಿದ ಹೆನ್ರಿ ಫ್ರೀಮನ್ ಒಬ್ಬನೇ ಆ ಹೊಸ ಕಾರ್ಕಿನ ಅಂಗಿ ತೊಟ್ಟಿದ್ದವನು. ನಮ್ಮ ಹಳ್ಳಿಗಳೂ ಈ ವಿದ್ಯೆಯನ್ನು ಅರಿಯದವಲ್ಲ. ಒಣಗಿದ ಕತ್ತಾಳೆಯ ಬೆಂಡನ್ನೋ ಸೋರೆ ಬುರುಡೆಯನ್ನೋ ಬೆನ್ನಿಗೆ ಕಟ್ಟಿಕೊಂಡು ಬಾವಿಗೆ ಹಾರಿ ಈಜು ಕಲಿತವರು ಈ ಭಾಷಣ ಕೇಳುತ್ತಿರುವವರಲ್ಲಿಯೂ ಇರಬಹುದು. ಬಸವಳಿದು ಬೆಂಡಾದ ಎನ್ನುವಾಗ ಬೆಂಡು ಹುರುಳಿಲ್ಲದ್ದು. ನೀರಿಗೆ ಬಿದ್ದಾಗ ಅದೇ ಬೆಂಡು ಬಂಧು.

ದೊಡ್ಡ ದೋಣಿಗಳಲ್ಲಿ ಕಾರ್ಕಿನ ನೆಲ ಹಾಕುವ ಕ್ರಮವನ್ನು ನೋಡೋಣ. ಅದರಲ್ಲಿ ನಮಗೆ ಪಾಠವಿದೆ. ತೊಗಟೆಯ ಕಾಳುಗಳನ್ನು ಅಂಟಿನಲ್ಲಿ ಒತ್ತಿ ಹಲಗೆ ಮಾಡಿರುತ್ತಾರೆ. ಆರಿಸುವಾಗ ಕಾಳು ಒತ್ತಾಗಿ ಕೂಡಿದೆಯೇ, ಬಾಗಿಸಿದರೆ ಸೀಳುತ್ತದೆಯೇ, ಉಗುರಿನಿಂದ ಕೆರೆದರೆ ಉದುರುತ್ತದೆಯೇ ಎಂದು ನೋಡಬೇಕು. ಮೂರು ಚದರ ಮೀಟರು ನೆಲಕ್ಕೆ ಆರು ಮಿಲಿಮೀಟರು ದಪ್ಪದ ಸಹಜ ಕಾರ್ಕ್ ಸುಮಾರು ನಾಲ್ಕು ಕಿಲೋ ತೂಗಿದರೆ, ಅಷ್ಟೇ ತೇಗ ಸುಮಾರು ಹನ್ನೆರಡು ಕಿಲೋ. ಅಂಟು ಬೆರೆತ ಹಲಗೆ ಸಹಜ ಕಾರ್ಕಿಗಿಂತ ಕೊಂಚ ಭಾರ. ಮೊದಲು ನೆಲದ ಮೇಲೆ ಕಾಗದ ಹಾಸಿ ಅದರ ಆಕಾರದ ಅಚ್ಚನ್ನು ತೆಗೆಯುತ್ತಾರೆ. ಅಚ್ಚಿನಂತೆ ಹಲಗೆಯನ್ನು ಕತ್ತರಿಸಿ, ಅಂಟಿಲ್ಲದೆ ಒಮ್ಮೆ ಜೋಡಿಸಿ ನೋಡುತ್ತಾರೆ. ಆಮೇಲೆ ದೋಣಿಯ ಮೈಯನ್ನು ಉಪ್ಪುಕಾಗದದಿಂದ ಉಜ್ಜಿ, ಎಣ್ಣೆಯ ಜಿಡ್ಡೂ ತೇವವೂ ಉಳಿಯದಂತೆ ಒರಸಿ, ಅಂಟು ಹರಡಿ, ಹಲಗೆ ಕೂರಿಸಿ, ಮರಳಿನ ಚೀಲ ಹೇರಿ, ಒಣಗುವ ತನಕ ಮುಟ್ಟದೆ ಬಿಡುತ್ತಾರೆ. ಕಡೆಗೆ ಅಂಚುಗಳನ್ನೂ ಸಂದುಗಳನ್ನೂ ಮುಚ್ಚುತ್ತಾರೆ. ಅವಸರ ಮಾಡಿದ ಕಡೆ, ತೇವ ಉಳಿದ ಕಡೆ ಹಲಗೆ ಏಳುತ್ತದೆ; ಎದ್ದ ಕಡೆ ನೀರು ಸೇರಿ ಒಳಗೇ ಕೊಳೆಯುತ್ತದೆ.

ಹಾಗಾದರೆ ನಮ್ಮ ಹರಿಗೋಲಿಗೂ ಕಾರ್ಕ್ ಅಂಟಿಸಿಬಿಡೋಣವೇ? ಬೇಡ. ದೊಡ್ಡ ದೋಣಿಯ ನೆಲ ಗಟ್ಟಿಯಾದ ಮರದ ಅಥವಾ ಫೈಬರಿನ ಮೈಯ ಮೇಲೆ ಕೂರುತ್ತದೆ. ಆ ಮೈ ಅಲುಗುವುದಿಲ್ಲ. ಹರಿಗೋಲಿನ ಮೈ ಬುಟ್ಟಿ. ಅದು ಬಾಗಬೇಕು, ಬಳುಕಬೇಕು. ಕಲ್ಲಿಗೆ ತಾಗಿದರೆ ಒಳಕ್ಕೆ ಮಣಿದು ಮತ್ತೆ ಮೊದಲಿನಂತಾಗಬೇಕು. ಅದರ ಮೇಲೆ ಅಂಟಿಸಿದ್ದು ನಿಲ್ಲದು. ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತುಂಟು. ಅಂಟಿಸಿದ ನೆಲದ ಕೆಳಗೆ ತೂತಾದರೆ ಅದು ಕಾಣದು. ಕಂಡ ತೂತಿಗೆ ಪರಿಹಾರವಿದೆ, ಕಾಣದ ತೂತಿಗೆ ಇಲ್ಲ. ಹರಿಗೋಲಿನ ನೆಲದ ಮೊದಲ ನಿಯಮ ಇದು: ನೆಲ ತಳವನ್ನು ಕಾಯಬೇಕು, ಮುಚ್ಚಿಡಬಾರದು. ಯಾವ ಪದಾರ್ಥದಿಂದ ಮಾಡಿದರೂ ಒಂದು ಕೈಯಲ್ಲಿ ಎತ್ತಿ ಕೆಳಗೆ ನೋಡುವಂತಿರಬೇಕು.

ಇನ್ನು ಪದಾರ್ಥ. ಅದಕ್ಕಾಗಿ ಪೋರ್ಚುಗಲ್ಲಿಗೆ ಹೋಗಬೇಕಾಗಿಲ್ಲ. ನಮ್ಮ ತಾಲ್ಲೂಕುಗಳಲ್ಲೇ ಆಯ್ಕೆಯಿದೆ. ಹೊಳಲ್ಕೆರೆಯ ಕಡೆ ಅಡಿಕೆ ತೋಟಗಳುಂಟು. ಮುಪ್ಪಾಗಿ ಕಡಿದ ಅಡಿಕೆ ಮರವನ್ನು ಸೀಳಿದರೆ ದಬ್ಬೆ ಸಿಗುತ್ತದೆ. ಅದು ಗಟ್ಟಿ, ಭಾರ ಹರಡುವುದರಲ್ಲಿ ಅದಕ್ಕೆ ಸಾಟಿ ಕಡಮೆ. ದೋಷವೆಂದರೆ ತೂಕ ಹೆಚ್ಚು ಮತ್ತು ಸಿಬಿರು ಏಳುತ್ತದೆ, ಚೆನ್ನಾಗಿ ಹೆರೆದು ಉಜ್ಜಬೇಕು. ಹೊಸದುರ್ಗದ ಕಡೆ ತೆಂಗು. ತೆಂಗಿನ ನಾರಿನ ಚಾಪೆ ಜಾರುವುದಿಲ್ಲ, ಸುಡುವುದಿಲ್ಲ, ನೀರಿಗೆ ಬೇಗ ಕೊಳೆಯುವುದಿಲ್ಲ. ಆದರೆ ನೀರು ಕುಡಿದು ಭಾರವಾಗುತ್ತದೆ, ಒಂದೇ ಇದ್ದರೆ ಮೊನೆಯನ್ನು ತಡೆಯದು. ಮೇದರು ಹೆಣೆಯುವ ಬಿದಿರು ತಟ್ಟಿ ಎಲ್ಲಕ್ಕಿಂತ ಹಗುರ, ಬುಟ್ಟಿಯೊಡನೆ ತಾನೂ ಬಾಗುತ್ತದೆ. ಆದರೆ ಹೊಸದರಲ್ಲಿ ಅದರ ನಯವಾದ ಮೈ ತೊಯ್ದಾಗ ಜಾರುತ್ತದೆ. ಬಿದಿರು ಆರಿಸುವಾಗ ಮೂರು ವರ್ಷಕ್ಕೆ ಕಡಮೆಯಿಲ್ಲದ ಬಲಿತ ಗಳುವನ್ನೇ ಆರಿಸಬೇಕು. ಎಳೆಯ ಗಳುವಿನಲ್ಲಿ ಹಿಟ್ಟಿನ ಅಂಶ ಹೆಚ್ಚು. ಹುಳು ಕೊರೆದು ಪುಡಿ ಉದುರುತ್ತದೆ. ಕಡಿದ ಬಿದಿರನ್ನು ಕೆಲವು ವಾರ ನೀರಿನಲ್ಲಿ ಮುಳುಗಿಸಿಟ್ಟರೆ ಆ ಅಂಶ ಕರಗಿ ಹುಳುವಿನ ಕಾಟ ತಗ್ಗುತ್ತದೆ. ಅಂಗಡಿಯಲ್ಲಿ ದೊರೆಯುವ ಸ್ಪಂಜಿನಂಥ ಪ್ಲಾಸ್ಟಿಕ್ ಹಾಸೂ ಒಂದು ಆಯ್ಕೆಯೇ, ಹಗುರ, ಅಗ್ಗ. ಆದರೆ ಕಪ್ಪು ಬಣ್ಣದ್ದು ಚೈತ್ರ ವೈಶಾಖದಲ್ಲಿ ಹಂಚಿನಂತೆ ಕಾಯುತ್ತದೆ, ಬಿಸಿಲಿಗೆ ಬೇಗ ಹೊಟ್ಟಾಗುತ್ತದೆ.

ಒಂದೊಂದಕ್ಕೂ ಒಂದೊಂದು ಕೊರತೆ ಇದೆಯೆಂದಾಗ ಎರಡನ್ನು ಕೂಡಿಸುವುದೇ ಜಾಣತನ. ಕೆಳಗೆ ದಬ್ಬೆಯ ಜಾಲರಿ, ಮೇಲೆ ನಾರಿನ ಚಾಪೆ. ದಬ್ಬೆ ಭಾರ ಹರಡುತ್ತದೆ, ಚಾಪೆ ಕಾಲು ಹಿಡಿಯುತ್ತದೆ. ಕೂಡಿಸುವ ಬಗೆ ಹೀಗೆ. ಹಳೆಯ ವೃತ್ತಪತ್ರಿಕೆಗಳನ್ನು ಅಂಟಿಸಿ ತಳದ ಅಚ್ಚು ತೆಗೆಯಿರಿ. ಅಂಚಿನ ಸುತ್ತಲೂ ಒಂದು ಅಂಗೈ ಅಗಲ ಬಿಟ್ಟು ಒಳಗೆ ಗೆರೆ ಎಳೆಯಿರಿ. ಆ ಸಂದಿನಲ್ಲಿ ನೀರು ಸೇರಿ ಕಣ್ಣಿಗೆ ಬೀಳಬೇಕು, ಮೊಗೆದು ಚೆಲ್ಲಲು ಕೈ ಹೋಗಬೇಕು. ಅಚ್ಚನ್ನು ನಡುವೆ ಕತ್ತರಿಸಿ ಎರಡು ಅರೆಗಳನ್ನಾಗಿ ಮಾಡಿ. ಒಂದೊಂದು ಅರೆಗೂ ಎರಡು ಬೆರಳು ಅಗಲದ ದಬ್ಬೆಗಳನ್ನು ಒಂದು ಬೆರಳು ಸಂದು ಬಿಟ್ಟು ಜೋಡಿಸಿ. ಮೂಲೆಗಳನ್ನೆಲ್ಲ ದುಂಡಗೆ ಹೆರೆಯಿರಿ. ಕೆಳಗೆ ಎರಡು ಅಡ್ಡಪಟ್ಟಿ ಕೊಟ್ಟು ಹುರಿಯಿಂದ ಕಟ್ಟಿ. ಮೊಳೆ ಮಾತ್ರ ಕೂಡದು. ತುಕ್ಕು ಹಿಡಿದು ಸಡಿಲಾದ ಮೊಳೆ ಯಾವ ದಿನ ತಲೆ ಕೆಳಗಾಗಿ ನಿಲ್ಲುತ್ತದೆಂದು ಹೇಳಲಾಗದು. ಅಡ್ಡಪಟ್ಟಿಗಳು ಬುಟ್ಟಿಯ ದಪ್ಪ ದಬ್ಬೆಗಳ ಮೇಲೇ ಕೂರಬೇಕು, ತೆಳು ಹೆಣಿಗೆಯ ಮೇಲಲ್ಲ. ತಾಗುವ ಜಾಗಕ್ಕೆ ಗೋಣಿಯ ಮಡಿಕೆ ಸುತ್ತಿ. ಕಡೆಗೆ ಎರಡು ಅರೆಗಳನ್ನೂ ಜಾರದಂತೆ ಬುಟ್ಟಿಗೆ ಸರಗುಣಿಕೆಯಲ್ಲಿ ಕಟ್ಟಿ. ಎಳೆದರೆ ಬಿಚ್ಚಬೇಕು, ತಾನಾಗಿ ಬಿಚ್ಚಬಾರದು.

ನಮ್ಮ ಸೀಮೆಯ ಮಟ್ಟಿಗೆ ಒಂದು ವಿಶೇಷ ಮಾತು ಸೇರಿಸಬೇಕು. ಮಲೆನಾಡಿನ ದೋಣಿಗೆ ಮಳೆ ಶತ್ರುವಾದರೆ ಬಯಲುಸೀಮೆಯ ಹರಿಗೋಲಿಗೆ ಬಿಸಿಲು ಶತ್ರು. ವಾಣಿವಿಲಾಸಸಾಗರದ ನೀರು ಬರಗಾಲದ ವರ್ಷಗಳಲ್ಲಿ ಬಹು ದೂರ ಹಿಂದೆ ಸರಿಯುತ್ತದೆ. ಆಗ ದಡದಲ್ಲಿ ಬಿದ್ದ ಹರಿಗೋಲು ತಿಂಗಳುಗಟ್ಟಲೆ ಕಾಯುತ್ತದೆ. ಬಿದಿರು ಒಣಗಿ ಕುಗ್ಗುತ್ತದೆ, ಕಟ್ಟು ಸಡಿಲಾಗುತ್ತದೆ, ಡಾಂಬರು ಬಿರುಕು ಬಿಡುತ್ತದೆ, ಪ್ಲಾಸ್ಟಿಕ್ ಹಾಳೆ ಮಡಿಕೆಯಲ್ಲಿ ಸೀಳುತ್ತದೆ. ಮಳೆ ಬಂದು ನೀರು ಏರಿದ ದಿನ, ನಿನ್ನೆ ತನಕ ಚೆನ್ನಾಗಿತ್ತಲ್ಲ ಎಂದು ಅದನ್ನು ಹಾಗೆಯೇ ನೂಕಿಕೊಂಡು ಹೋಗುವುದು ಉಚಿತವಲ್ಲ. ನೆಲಹಾಸನ್ನು ಹೊರತೆಗೆದು, ಹರಿಗೋಲನ್ನು ಬೋರಲು ಹಾಕಿ, ನೆರಳಿನಲ್ಲಿ ಕಲ್ಲಿನ ಮೇಲಿಟ್ಟು ಗಾಳಿಯಾಡುವಂತೆ ಇರಿಸಿದರೆ ಅರ್ಧ ಕೇಡು ತಪ್ಪುತ್ತದೆ. ಮತ್ತೆ ನೀರಿಗಿಳಿಸುವ ಮುನ್ನ ಬಿಸಿಲಿಗೆ ಎತ್ತಿ ಹಿಡಿದು ಒಳಗಿನಿಂದ ನೋಡಬೇಕು. ಬೆಳಕಿನ ಚುಕ್ಕಿ ಕಂಡ ಕಡೆಯೆಲ್ಲ ನೀರಿಗೆ ದಾರಿ. ಚುಕ್ಕಿ ಕಾಣದಿದ್ದರೂ ದಡದ ಮೊಳಕಾಲು ನೀರಿನಲ್ಲಿ ಅರ್ಧ ಗಂಟೆ ತೇಲಬಿಟ್ಟು, ನೆಲ ಎತ್ತಿ ಒಮ್ಮೆ ಕೈಯಾಡಿಸಬೇಕು. ಊರು ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ದುರ್ಗದ ಜನಕ್ಕೆ ಹೊಸತಲ್ಲವಷ್ಟೆ.

ನಾವು ರೇಡಿಯೊ ಮುಂದೆ ಕೂತ ಪೇಟೆಯ ಜನ, ಹರಿಗೋಲು ಕಟ್ಟುವವರಲ್ಲ, ನಮಗೇಕೆ ಈ ಪುರಾಣ ಎಂದು ಯಾರಾದರೂ ಅನ್ನಬಹುದು. ಹಂಪಿಗೋ ಹೊಗೇನಕಲ್ಲಿಗೋ ಮಕ್ಕಳನ್ನು ಕರೆದುಕೊಂಡು ಹೋಗುವವರು ನಾವೇ. ಹರಿಗೋಲು ಹತ್ತುವ ಮುನ್ನ ಮೂರು ಸಂಗತಿ ನೋಡಿ. ನೆಲಹಾಸಿನ ಅಂಚಿನ ಸಂದು ನೀರು ನಿಲ್ಲದೆ ಒಣಗಿದೆಯೇ? ಎಲ್ಲರೂ ಕೂತ ಮೇಲೆ ಅಂಚು ನೀರಿನಿಂದ ಒಂದು ಗೇಣಾದರೂ ಮೇಲಿದೆಯೇ? ಮಕ್ಕಳಾದಿಯಾಗಿ ಒಬ್ಬೊಬ್ಬರಿಗೂ ತೇಲುವ ಅಂಗಿ ಇದೆಯೇ? ಮೂರರಲ್ಲಿ ಒಂದಕ್ಕೆ ಇಲ್ಲವೆಂಬ ಉತ್ತರ ಬಂದರೂ ದಡದಲ್ಲೇ ನಿಂತು ಹೊಳೆಯ ಚೆಲುವು ನೋಡಿ; ಅದೇನೂ ಕಡಮೆಯ ಚೆಲುವಲ್ಲ. ಹತ್ತುವಾಗ ಪಾದರಕ್ಷೆ ಕಳಚಿ, ಅಂಚಿನ ಮೇಲೆ ಕಾಲೂರದೆ ನಡುವಿಗೆ ಕಾಲಿಡಿ, ಕೂತವರು ಏಳಬೇಡಿ. ಅಂಬಿಗ ಇಷ್ಟೇ ಜನ ಸಾಕು ಎಂದರೆ ಇನ್ನೊಬ್ಬರನ್ನು ಹತ್ತಿಸೆಂದು ಅವನೊಡನೆ ಚೌಕಾಶಿ ಮಾಡಬೇಡಿ. ತರಕಾರಿಗೆ ಚೌಕಾಶಿ ಸಲ್ಲುತ್ತದೆ, ನೀರಿನೊಡನೆ ಸಲ್ಲದು.

ಹಿನ್ನೀರಿನಲ್ಲಿ ಬೆಳಗಿನ ಜಾವ ಬಲೆ ಎಳೆಯುವವರಿಗೆ ಈ ಆಯ್ಕೆಯಿಲ್ಲ. ಅವರು ದಿನವೂ ಹತ್ತಲೇಬೇಕು. ಅವರ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಒಲೆ ಹೊತ್ತುವುದು ಎರಡು ದಬ್ಬೆಯ ಸಂದನ್ನು ಯಾರು ಎಷ್ಟು ನಿಗಾ ಇಟ್ಟು ಕಟ್ಟಿದರೆಂಬುದರ ಮೇಲೆ ನಿಂತಿದೆ. ಬುಟ್ಟಿ ಹೆಣೆಯುವ ಮೇದರ ಕೈಗೂ ಹುಟ್ಟು ಹಾಕುವ ಅಂಬಿಗರ ತೋಳಿಗೂ ನಾವು ಕೊಡಬಹುದಾದ ಗೌರವವೆಂದರೆ ಅವರ ಕೆಲಸಕ್ಕೆ ತಕ್ಕ ಬೆಲೆಯನ್ನು ಕೊಸರಾಡದೆ ಕೊಡುವುದು. ಹೊಸ ಚಾಪೆಯೊಂದನ್ನು, ಹೊಸ ದಬ್ಬೆಯೊಂದನ್ನು ಕಾಲಕ್ಕೆ ಸರಿಯಾಗಿ ಹಾಕಿಸಲು ಅವರ ಕೈಯಲ್ಲಿ ಕಾಸು ಉಳಿದರೆ ಹರಿಗೋಲು ತೇಲುತ್ತದೆ.